ನೀರು ಗೆರೆ ಎಳೆದ ಊರು

ಬಾಗಲಕೋಟೆಯ ಹಳಬರನ್ನು ಮನೆ ಎಲ್ಲಿ ಎಂದು ಕೇಳಿದರೆ ಕಿಲ್ಲಾ, ಹಳಪೇಟ, ಹೊಸಪೇಟ, ಜೈನಪೇಟ, ವೆಂಕಟಪೇಟ ಎನ್ನುತ್ತಾರೆ. ಮೊಮ್ಮಕ್ಕಳು ಸೆಕ್ಟರ್ ನಂಬರು ಹೇಳುತ್ತಾರೆ. ಇವೆರಡರ ನಡುವೆ ಆಲಮಟ್ಟಿ ಅಣೆಕಟ್ಟು ನಿಂತಿದೆ.

1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಗೆ ಅಡಿಗಲ್ಲು ಇಟ್ಟರು. ಅದರ ಹಿನ್ನೀರು ಘಟಪ್ರಭೆಯಗುಂಟ ಹಿಂದಕ್ಕೆ ಸರಿದು ಊರಿಗೇ ಬರುತ್ತದೆಂದು ಗೊತ್ತಾದ ಮೇಲೆ, 1983ರ ಕಾಯ್ದೆಯಿಂದ ಪಟ್ಟಣಾಭಿವೃದ್ಧಿ ಪ್ರಾಧಿಕಾರ ಹುಟ್ಟಿತು. ಹೊಸ ಊರಾದ ನವನಗರದ ನಕ್ಷೆ ಬರೆದವರು ಚಾರ್ಲ್ಸ್ ಕೊರಿಯಾ, ನವಿ ಮುಂಬಯಿಯ ಕಲ್ಪನೆ ಕೊಟ್ಟವರಲ್ಲೊಬ್ಬರು. ಅಗಲ ರಸ್ತೆ, ಸಾಲುಗಿಡ, ಸೆಕ್ಟರುಗಳು: ಉತ್ತರ ಕರ್ನಾಟಕದಲ್ಲಿ ಇಷ್ಟು ಲೆಕ್ಕ ಹಾಕಿ ಕಟ್ಟಿದ ಊರು ಅಪರೂಪ.

ಲೆಕ್ಕ ತಪ್ಪಿದ್ದು ಆಮೇಲೆ. ನವನಗರದ ನಕ್ಷೆಯಲ್ಲಿದ್ದವರು ಮುಳುಗಡೆಯ ಜನ. 1997ರಲ್ಲಿ ವಿಜಾಪುರ ಜಿಲ್ಲೆ ಒಡೆದು ಬಾಗಲಕೋಟೆ ಜಿಲ್ಲಾ ಕೇಂದ್ರವಾಯಿತು. ಕಚೇರಿಗಳು ಬಂದವು, ತೋಟಗಾರಿಕೆ ವಿಶ್ವವಿದ್ಯಾಲಯ ಬಂತು, ದವಾಖಾನೆಗಳು ಬಂದವು. 1906ರಲ್ಲಿ ಶುರುವಾದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಕಾಲೇಜುಗಳಿಂದಾಗಿ ವಿದ್ಯಾಗಿರಿ ಬಡಾವಣೆಯಂತೂ ಆಗಲೇ ತುಂಬುತ್ತಿತ್ತು. 2011ರ ಜನಗಣತಿಯ ಹೊತ್ತಿಗೆ ಊರು 1.1 ಲಕ್ಷ ದಾಟಿತು. ಹೀಗೆ ಬಂದವರಿಗೆ ಸೆಕ್ಟರಿನಲ್ಲಿ ಜಾಗವಿರಲಿಲ್ಲ ಎನ್ನಲಾಗದು. ಪರಿಹಾರದ ನಿವೇಶನ ಪಡೆದು ಕಟ್ಟದೆ ಬಿಟ್ಟವರೂ ಇದ್ದರು. ಅವರ ಪ್ಲಾಟಿನಲ್ಲಿ ಜಾಲಿಕಂಟಿ, ಅದರಾಚೆ ಎರಿ ಹೊಲದಲ್ಲಿ ಹೊಸ ಲೇಔಟಿನ ಕಲ್ಲು. ಹೀಗೆ ಎದ್ದ ಬಡಾವಣೆಗಳಲ್ಲಿ ಮನೆ ಮೊದಲು, ಗಟಾರ ಆಮೇಲೆ. ಹಳೆ ಊರು ನಗರಸಭೆಯದು, ನವನಗರ ಪ್ರಾಧಿಕಾರದ್ದು; ಕಸ, ನೀರಿನ ತಕರಾರು ಯಾವ ಬಾಗಿಲಿಗೆ ಒಯ್ಯಬೇಕೆಂಬುದೇ ಅರ್ಧ ದಿನದ ಕೆಲಸ.

ಪೇಟೆ ಒಡೆದದ್ದು ಇದಕ್ಕಿಂತ ದೊಡ್ಡ ನಷ್ಟವೆಂದು ನನ್ನ ಅನಿಸಿಕೆ. ಹಳೆ ಊರಿನಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ, ಎದುರಿಗೆ ಗಿರಾಕಿ. ಸೆಕ್ಟರು ವಾಸವನ್ನೂ ವ್ಯಾಪಾರವನ್ನೂ ಬೇರೆ ಮಾಡಿತು. ನಾಲ್ಕು ಹೆಜ್ಜೆಯ ಕೆಲಸಕ್ಕೆ ಈಗ ಟಂಟಂ ಬೇಕು. ಆದರೂ ಹೋಳಿ ಬಂದರೆ ಬಣ್ಣದಾಟದ ಸರದಿ ಪೇಟಗಳ ಹೆಸರಿನಲ್ಲೇ ನಡೆಯುತ್ತದೆ. ಸೆಕ್ಟರಿನ ಹೆಸರಿನಲ್ಲಿ ಹಲಗಿ ಬಾರಿಸಿದ್ದನ್ನು ನಾನಂತೂ ಕೇಳಿಲ್ಲ.

ಇದೇ ಜಿಲ್ಲೆಯ ಬಾದಾಮಿಯಲ್ಲಿ ನೀರಿನ ಬದಲು ಕಲ್ಲು ಗೆರೆ ಎಳೆದಿದೆ. ಅಗಸ್ತ್ಯತೀರ್ಥದ ದಂಡೆಗೆ ಹತ್ತಿಕೊಂಡೇ ಮನೆಗಳಿವೆ. ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸದು ಕಟ್ಟುವಂತಿಲ್ಲ, ಮುಂದಿನ 200 ಮೀಟರಿಗೆ ಪರವಾನಗಿ ಬೇಕು. ಗುಹೆಗಳ ಬುಡದ ಓಣಿಯ ಸಂಸಾರ ಬೆಳೆದರೂ ಮನೆ ಬೆಳೆಯದು. ಐಹೊಳೆಯದೂ ಇದೇ ಪಾಡು: ಅಲ್ಲಿಯ ಒಂದು ಗುಡಿಗೆ ಲಾಡಖಾನ್ ಎಂಬ ಹೆಸರು ಬಂದದ್ದೇ ಅದರೊಳಗೆ ವಾಸವಿದ್ದವನಿಂದ. ಜನರಿಲ್ಲದ ಗುಡಿಯೂರು ಚೆಂದ ಕಾಣಬಹುದು, ಅದು ಐಹೊಳೆ ಆಗಲಾರದು.

ಇಳಕಲ್ಲಿನ ಕತೆ ಬೇರೆ. ಅದನ್ನು ಬೆಳೆಸಿದ್ದು ಸೀರೆ, ಕೆಂಪು ಗ್ರಾನೈಟ್ ಮತ್ತು ಹುನಗುಂದದ ಮೇಲೆ ಹಾದುಬರುವ ಹೆದ್ದಾರಿ. ಟೋಪ್‌ತೆನೆ ಸೆರಗಿನ ಸೀರೆ ಮನೆಯೊಳಗಿನ ಕುಣಿಮಗ್ಗದಲ್ಲಿ ಆಗುವಂಥದು. ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಕೂಡಿಸುವ ಕೆಲಸಕ್ಕೆ ಮನೆಮಂದಿಯ ಕೈಯೆಲ್ಲ ಬೇಕು. ಅಂದರೆ ಇಲ್ಲಿ ಮನೆಯೇ ಕಾರ್ಖಾನೆ. ಜಾಗದ ಬೆಲೆ ಏರಿ ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡಾಗ ಮೊದಲು ಮುಚ್ಚುವುದು ಮಗ್ಗದ ಕುಣಿ. ಪವರ್‌ಲೂಮಿನ ಮೇಲೆ ಮಾತ್ರ ತಪ್ಪು ಹೊರಿಸುವವರು ಇದನ್ನು ಲೆಕ್ಕಕ್ಕೆ ತರುವುದಿಲ್ಲ.

ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪದ ಸುತ್ತ ಗೋಡೆ ಎಬ್ಬಿಸಿ ಹಿನ್ನೀರು ತಡೆದಿದ್ದಾರೆ. ಬಾಗಲಕೋಟೆಯ ಪೇಟಗಳಿಗೆ ಅಂಥ ಗೋಡೆ ಸಿಗಲಿಲ್ಲ. ಆಲಮಟ್ಟಿಯಲ್ಲಿ ಈಗ ನೀರು ನಿಲ್ಲಿಸುವ ಮಟ್ಟ 519.6 ಮೀಟರ್, 2010ರ ಕೃಷ್ಣಾ ನ್ಯಾಯಮಂಡಳಿ ತೀರ್ಪು 524.256ಕ್ಕೆ ಒಪ್ಪಿದೆ. ಈ ಎರಡು ಅಂಕಿಗಳ ನಡುವಿನ ಮನೆಗಳವರು ಮಾಳಿಗೆ ಸೋರಿದರೂ ದುರಸ್ತಿಗೆ ರೊಕ್ಕ ಹಾಕಲು ಹಿಂದೆಮುಂದೆ ನೋಡುತ್ತಾರೆ. ಕೈಯಲ್ಲಿ ನಾಲ್ಕು ಕಾಸಿದ್ದವರು ಪರಿಹಾರಕ್ಕೆ ಕಾಯದೆ ಊರಾಚೆಯ ಲೇಔಟಿನಲ್ಲಿ ಪ್ಲಾಟು ಹಿಡಿಯುತ್ತಿದ್ದಾರೆ. ಅಲ್ಲಿಗೆ ಗಟಾರದ ಅರ್ಜಿ ಮುಂದಿನ ವರ್ಷ ಹೋಗುತ್ತದೆ.