ಕಣ

ಕನ್ನಡದಲ್ಲಿ ಎರಡು ಕಣಗಳಿವೆ. ಒಂದು, ಸಗಣಿ ಸಾರಿಸಿ ಒಕ್ಕಣೆ ಮಾಡುವ ಕಣ. ತಮಿಳಿನ ‘ಕಳಂ’ ಇದರ ಒಡಹುಟ್ಟು. ಚುನಾವಣಾ ಕಣ, ಕುಸ್ತಿಯ ಕಣ ಇದರಿಂದಲೇ ಬೆಳೆದವು. ಇನ್ನೊಂದು ಸಂಸ್ಕೃತದಿಂದ ಬಂದದ್ದು: ಕಾಳು, ನುಚ್ಚು, ಹುಡಿ. ರಕ್ತಕಣ, ಧೂಳಿನ ಕಣ ಈ ಮನೆತನದವು. ಭೌತವಿಜ್ಞಾನ ಕರೆದುಕೊಂಡದ್ದು ಈ ಎರಡನೆಯದನ್ನು.

ಪುಟ್ಟ ಪದ, ಹೊತ್ತ ಹೊರೆ ದೊಡ್ಡದು. 1897ರಲ್ಲಿ ಕೇಂಬ್ರಿಜ್‌ನ ಜೆ.ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದಾಗ, ಪರಮಾಣುವನ್ನು ಒಡೆಯಲಾಗದು ಎಂಬ ನಂಬಿಕೆ ಮುಗಿಯಿತು. ಆಮೇಲೆ ರುದರ್‌ಫೋರ್ಡರ ಪ್ರೋಟಾನ್, 1932ರಲ್ಲಿ ಚಾಡ್ವಿಕ್ಕರ ನ್ಯೂಟ್ರಾನ್ ಬಂದವು. ಇವಕ್ಕೂ ‘ಮೂಲಕಣ’ವೆಂಬ ಬಿರುದು ಸಿಕ್ಕಿತ್ತು, ಒಳಗೆ ಕ್ವಾರ್ಕ್‌ಗಳಿವೆ ಎಂದು ಗೊತ್ತಾದ ಮೇಲೆ ಅದು ಹೋಯಿತು. ಎಲೆಕ್ಟ್ರಾನಿನೊಳಗೆ ಮಾತ್ರ ಈವರೆಗೆ ಏನೂ ಸಿಕ್ಕಿಲ್ಲ, ಅದಕ್ಕೆ ಗಾತ್ರವೆಂಬುದೂ ಅಳತೆಗೆ ಸಿಕ್ಕಿಲ್ಲ. ವಿಶ್ವವನ್ನೆಲ್ಲ ತುಂಬಿದ ಕ್ಷೇತ್ರವೊಂದರ ಮಿಡಿತವೇ ಕಣ ಎನ್ನುತ್ತಾರೆ ಇಂದಿನ ವಿಜ್ಞಾನಿಗಳು. ನುಚ್ಚು, ಹುಡಿಗಳ ಚಿತ್ರ ಇಲ್ಲಿ ದಾರಿ ತಪ್ಪಿಸುತ್ತದೆ.

ನನಗೆ ಬಲು ಪ್ರಿಯವಾದ ಕತೆ ನಮ್ಮ ಕೋಲಾರದ್ದು. ಅಲ್ಲಿ ಎರಡೂ ಕಣಗಳು ಒಂದಾದವು. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದಾಗ ಮ್ಯೂಆನ್, ನ್ಯೂಟ್ರಿನೋ ಎಂಬ ಕಣಗಳು ಹುಟ್ಟುತ್ತವೆ. ನ್ಯೂಟ್ರಿನೋ ಇಡೀ ಭೂಮಿಯನ್ನೇ ತೂರಿ ಹೋಗಬಲ್ಲದು, ಆದರೆ ನೆಲದ ಮೇಲೆ ಸುರಿಯುವ ಮ್ಯೂಆನ್‌ಗಳ ನಡುವೆ ಅದರ ಗುರುತು ಹತ್ತುವುದಿಲ್ಲ. ಜೊಳ್ಳು ತೂರಿ ಕಾಳು ಉಳಿಸಿಕೊಳ್ಳಬೇಕಿತ್ತು. ಅದಕ್ಕೇ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಾಮ್‌ನ ವಿಜ್ಞಾನಿಗಳು ಕೋಲಾರದ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ 2 ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿದರು. ಅಷ್ಟು ಬಂಡೆ ದಾಟಿ ಬರುವ ಅಲ್ಪಸ್ವಲ್ಪ ಮ್ಯೂಆನ್‌ಗಳು ಹೆಚ್ಚುಕಡಿಮೆ ನೆಟ್ಟಗೆ ಮೇಲಿನಿಂದಲೇ ಬೀಳುತ್ತವೆ. ಆದ್ದರಿಂದ ಶೋಧಕಗಳನ್ನು ಎದುರುಬದುರು ಗೋಡೆಗಳಂತೆ ನಿಲ್ಲಿಸಿದರು: ಕಣ ಹಾಯ್ದರೆ ಮಿನುಗುವ ಪ್ಲಾಸ್ಟಿಕ್ ಫಲಕಗಳು, ನಡುವೆ ನಿಯಾನ್ ತುಂಬಿದ ಗಾಜಿನ ಕೊಳವೆಗಳು. ಮ್ಯೂಆನ್ ಅಡ್ಡಡ್ಡವಾಗಿ ಹಾದುಹೋದರೆ, ಪಕ್ಕದ ಬಂಡೆಯಲ್ಲಿ ನ್ಯೂಟ್ರಿನೋ ಢಿಕ್ಕಿ ಹೊಡೆದು ಅದನ್ನು ಹುಟ್ಟಿಸಿರಬೇಕು.

1965ರಲ್ಲಿ ಅಂಥ ಜಾಡು ಸಿಕ್ಕಿತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಇದನ್ನೇ ಹುಡುಕುತ್ತಿದ್ದ ತಂಡದ ವರದಿಗಿಂತ ಸ್ವಲ್ಪ ಮೊದಲೇ ಕೋಲಾರದ ವರದಿ ಪ್ರಕಟವಾಯಿತು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳನ್ನು ಜಗತ್ತು ಮೊದಲು ಗುರುತಿಸಿದ್ದು ಹೀಗೆ. 1980ರ ದಶಕದಲ್ಲಿ ಕೋಲಾರದ ಗಣಿಗಳ ಆಳದಲ್ಲಿ, ಪ್ರೋಟಾನ್ ಸಾಯುತ್ತದೆಯೇ ಎಂದೂ ಕಾದು ನೋಡಿದರು.

ಇವತ್ತು ಕೆಜಿಎಫ್ ಎಂದರೆ ಮಕ್ಕಳಿಗೆ ಚಿನ್ನ ಗೊತ್ತು, ಸಿನಿಮಾ ಗೊತ್ತು. ಪಠ್ಯಪುಸ್ತಕ ಬರೆಯುವವರಲ್ಲಿ ಒಂದು ಕೋರಿಕೆ: ಕಣಗಳ ಪಾಠದಲ್ಲಿ ಕೇಂಬ್ರಿಜ್‌ನ ಜೊತೆ ಚಾಂಪಿಯನ್ ರೀಫಿನ ಹೆಸರನ್ನೂ ಸೇರಿಸಿ.