ಕೊಳವೆ ಕತ್ತರಿಸಿದ ಕತೆ

ಈ ಸಲ ದೀಪಾವಳಿಗೆ ಸಿದ್ದಾಪುರದ ಮನೆಗೆ ಹೋದಾಗ ಅಪ್ಪ ನನಗೆ ಅಂತಲೇ ಒಂದು ಕೆಲಸ ತೆಗೆದಿಟ್ಟಿದ್ದರು. ಅಡಿಕೆ ಒಣಗಿಸುವ ಅಟ್ಟ ಮಾಡುವುದು. ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಳೇ ಅಡಿಕೆ ಮರ ಸೀಳಿ, ದಬ್ಬೆ ಹಾಸಿ, ಅಂಗಳದಲ್ಲಿ ಅಟ್ಟ ಕಟ್ಟುವುದು, ಮಳೆಗಾಲಕ್ಕೆ ಮುಂಚೆ ಬಿಚ್ಚುವುದು. ಈಗ ಕಟ್ಟಲಿಕ್ಕೂ ಜನ ಇಲ್ಲ, ಬಿಚ್ಚಲಿಕ್ಕೂ ಜನ ಇಲ್ಲ. "ಕಬ್ಬಿಣದ್ದೇ ಮಾಡಿ ಹಾಕನ ತಮಾ, ಮತ್ತೆ ಚಿಂತೆ ಇಲ್ಲೆ" ಅಂದರು ಅಪ್ಪ.

ಒಂದು ಇಂಚಿನ ಚೌಕ ಪೈಪು, ಗೋಡೆಯ ದಪ್ಪ 1.6 ಮಿಲಿಮೀಟರ್, ಒಂದೊಂದೂ 20 ಅಡಿ ಉದ್ದ. ಲೆಕ್ಕ ಹಾಕಿದರೆ 60 ತುಂಡು ಬೇಕು. ಯಾವುದರಲ್ಲಿ ಕತ್ತರಿಸುವುದು? ಯಾರನ್ನು ಕೇಳಿದರೂ ಒಂದೇ ಉತ್ತರ, "ಗ್ರೈಂಡರ್ ತಗಳಿ". (ದೋಸೆ ಹಿಟ್ಟಿನದ್ದಲ್ಲ ಮಾರಾಯ್ರೆ!) ಆದರೆ ನಮ್ಮ ಮನೆಯಲ್ಲಿ 2019ರಿಂದ ಗ್ರೈಂಡರ್ ಮುಟ್ಟಿಲ್ಲ. ಕಾರಣ ಆಮೇಲೆ ಹೇಳುತ್ತೇನೆ.

ಅಜ್ಜನ ಕಾಲದಲ್ಲಿ ನಮ್ಮಲ್ಲಿ ಕೊಳವೆ ಎಂದರೆ ಮರದ್ದೇ. ಗುಡ್ಡದ ಅಬ್ಬಿ ನೀರನ್ನು ಮನೆಗೆ ತರುತ್ತಿದ್ದುದು ಸೀಳಿ ತಿರುಳು ತೆಗೆದ ಅಡಿಕೆ ಮರದಲ್ಲಿ. ಅದಕ್ಕೆ ಕತ್ತಿ, ಕೊಡಲಿ ಸಾಕು. ಕಬ್ಬಿಣದ ಪೈಪು ಬಂದ ಮೇಲೆ ಮನೆಗೆ ಗರಗಸ ಬಂತು. ನಮ್ಮ ಅಟ್ಟದ ಮೇಲೆ ಅಜ್ಜನ ಹ್ಯಾಕ್ಸಾ ಫ್ರೇಮ್ ಇನ್ನೂ ಇದೆ. ತುಕ್ಕು ಒರೆಸಿದರೆ ಎಕ್ಲಿಪ್ಸ್ ಅನ್ನುವ ಹೆಸರು ಕಾಣುತ್ತದೆ. ಇಂಗ್ಲೆಂಡಿನ ಶೆಫೀಲ್ಡಿನದ್ದು.

ಇಂಗ್ಲೆಂಡಿನಲ್ಲೂ ಕಬ್ಬಿಣದ ಕೊಳವೆ ಸುಲಭಕ್ಕೆ ಬಂದದ್ದಲ್ಲ. ಲಂಡನ್ನಿನ ಗ್ಯಾಸ್ ದೀಪಗಳಿಗೆ ಮೊದಮೊದಲು ಹಳೇ ಕೋವಿಗಳ ನಳಿಕೆಗಳನ್ನೇ ಒಂದಕ್ಕೊಂದು ಜೋಡಿಸಿ ಕೊಳವೆ ಮಾಡಿಕೊಂಡಿದ್ದರಂತೆ. 1825ರಲ್ಲಿ ಕಾರ್ನೇಲಿಯಸ್ ವೈಟ್‌ಹೌಸ್ ಎಂಬಾತ ಕಾದ ಕಬ್ಬಿಣದ ಪಟ್ಟಿಯನ್ನು ಎಳೆದು ಅಂಚಿಗೆ ಅಂಚು ಬೆಸೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಆಮೇಲೆ ಕೊಳವೆ ಅಗ್ಗವಾಯಿತು. 1885ರ ಸುಮಾರಿಗೆ ಜರ್ಮನಿಯ ಮ್ಯಾನೆಸ್‌ಮನ್ ಸಹೋದರರು ಬೆಸುಗೆಯೇ ಇಲ್ಲದ ಉಕ್ಕಿನ ಕೊಳವೆ ಮಾಡಿದರು. ನಾವು ಅಂಗಡಿಯಿಂದ ತರುವ ಪೈಪಿನ ಒಳಗೆ ಬೆರಳಾಡಿಸಿ ನೋಡಿ, ಉದ್ದಕ್ಕೂ ಒಂದು ಗೆರೆ ಸಿಗುತ್ತದೆ. ಅದು ವಿದ್ಯುತ್ತಿನಿಂದ ಬೆಸೆದ ಅಂಚು.

ಕೊಳವೆ ಬಂದರೂ ಕೈಯಲ್ಲೇ ಕುಯ್ಯಬೇಕಿತ್ತು. ನಮ್ಮಲ್ಲಂತೂ ಮೆಷೀನಿಗೆ ಕರೆಂಟೇ ಇರಲಿಲ್ಲ. ಜೋಗದ ವಿದ್ಯುತ್ತು 1940ರ ದಶಕದ ಕೊನೆಗೇ ಹುಟ್ಟಿತು. ಆದರೆ ಆಗ ಶರಾವತಿಯ ಆಚೆ ದಡ ಮೈಸೂರು, ಈಚೆಯ ಸಿದ್ದಾಪುರ ಮುಂಬಯಿ ಪ್ರಾಂತ್ಯ. ನಾವು ಒಂದಾದದ್ದು 1956ರಲ್ಲಿ. ನಮ್ಮ ಮನೆಗೆ ಬಲ್ಬು ಬಂದದ್ದು 1980ರ ದಶಕದಲ್ಲಿ. ಜೋಗದ ಸದ್ದು ಕೇಳುವಷ್ಟು ಹತ್ತಿರ ಇದ್ದವರು ಚಿಮಣಿ ದೀಪದಲ್ಲಿ ಓದಿದರು ಅಂದರೆ ಬೆಂಗಳೂರಿನ ಸಹೋದ್ಯೋಗಿಗಳು ನಂಬುವುದಿಲ್ಲ.

ಇನ್ನು ಗ್ರೈಂಡರಿನ ವಿಷಯ. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಕಾರ್ಬೊರಂಡಮ್ ಕಂಡುಹಿಡಿದ. ವಜ್ರಕ್ಕೆ ಹತ್ತಿರದ ಗಟ್ಟಿತನ. (ಉಕ್ಕು ಕುಯ್ಯುವ ಡಿಸ್ಕಿನಲ್ಲಿ ಇರುವುದು ಸಾಮಾನ್ಯವಾಗಿ ಅಲ್ಯುಮಿನಿಯಂ ಆಕ್ಸೈಡ್. ಕಾರ್ಬೊರಂಡಮ್ ಕಲ್ಲಿಗೆ.) 1954ರಲ್ಲಿ ಜರ್ಮನಿಯ ಆಕರ್‌ಮನ್ ಮತ್ತು ಶ್ಮಿಟ್ ಕಂಪನಿ ಕೈಯಲ್ಲಿ ಹಿಡಿಯುವ ವೇಗದ ಆಂಗಲ್ ಗ್ರೈಂಡರ್ ಹೊರತಂದಿತು. ಅದೇ ವರ್ಷ ಮದ್ರಾಸಿನಲ್ಲಿ ಮುರುಗಪ್ಪ ಬಳಗದವರು ವಿದೇಶಿ ಕಂಪನಿಗಳ ಜೊತೆ ಸೇರಿ ಕಾರ್ಬೊರಂಡಮ್ ಯೂನಿವರ್ಸಲ್ ಶುರು ಮಾಡಿದರು. ಕಾಕತಾಳೀಯ ಅನ್ನಿ.

ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಡಿಸ್ಕಿನ ಅಂಚಿನ ವೇಗ ಗಂಟೆಗೆ 200 ಕಿಲೋಮೀಟರಿಗೂ ಜಾಸ್ತಿ. ಅದಕ್ಕೆ ಏಳು ಇಂಚಿನ ಡಿಸ್ಕ್ ಹಾಕಿದರೆ ಅಂಚು ಸೆಕೆಂಡಿಗೆ 100 ಮೀಟರ್ ದಾಟುತ್ತದೆ. ಅಂಥ ಡಿಸ್ಕು ತಾಳುವುದು 80ರವರೆಗೆ ಮಾತ್ರ. ಗಾರ್ಡ್ ಇದ್ದರೆ ದೊಡ್ಡ ಡಿಸ್ಕು ಕೂರುವುದೇ ಇಲ್ಲ. ಗಾರ್ಡ್ ಇರುವುದು ಅದಕ್ಕೂ ಹೌದು.

2019ರ ಮೇ ತಿಂಗಳಲ್ಲಿ ನಮ್ಮ ಮನೆಯ ಗ್ರೈಂಡರಿನ ಗಾರ್ಡ್ ಬಿಚ್ಚಿದವನು ನಾನು. ದಪ್ಪ ಪೈಪು ಒಂದೇ ಸಲಕ್ಕೆ ಕುಯ್ಯಲಿ ಅಂತ ದೊಡ್ಡ ಡಿಸ್ಕ್ ಹಾಕಿದವನೂ ನಾನೇ, ಕೈಯಲ್ಲಿ ಇಂಜಿನಿಯರಿಂಗ್ ಡಿಗ್ರಿ ಹಿಡಿದುಕೊಂಡು. ಪೈಪಿನ ಎರಡೂ ತುದಿ ಕಲ್ಲಿನ ಮೇಲಿತ್ತು, ಕುಯ್ದದ್ದು ನಡುವೆ. ಅರ್ಧ ಕುಯ್ದಾಗ ಪೈಪು ಬಗ್ಗಿತು, ಸೀಳು ಮುಚ್ಚಿ ಡಿಸ್ಕನ್ನು ಕಚ್ಚಿತು, ಡಿಸ್ಕು ಒಡೆಯಿತು. ಗ್ರೈಂಡರ್ ಹಿಡಿದಿದ್ದವರು ಚಿಕ್ಕಪ್ಪ. ಹುಬ್ಬಳ್ಳಿಗೆ ಕರೆದೊಯ್ದೆವು. ಕೈ ಉಳಿಯಿತು. ಆದರೆ ಬಲಗೈಯ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ. ತಾವೇ ಮರ ಹತ್ತಿ ಕೊನೆ ಇಳಿಸುತ್ತಿದ್ದವರು ಆಮೇಲೆ ಮರ ಹತ್ತಿಲ್ಲ. ನನಗೆ ಒಂದು ಮಾತೂ ಅಂದಿಲ್ಲ. ಅದೇ ಕಷ್ಟ.

ಹಾಗಾಗಿ ಈ ಸಲ ಕುಳಿತು ಯೋಚಿಸಿದೆ. ಪೈಪ್ ಕಟರ್ ಚೆನ್ನಾಗಿದೆ, ಕಿಡಿ ಇಲ್ಲ, ಸದ್ದಿಲ್ಲ, ಆದರೆ ದುಂಡು ಪೈಪಿಗೆ ಮಾತ್ರ. ಒಳಗೆ ಉಳಿಯುವ ಅಂಚನ್ನು ಅರದಿಂದ ತೆಗೆಯಬೇಕು. ಹ್ಯಾಕ್ಸಾಕ್ಕೆ ಹಳೇ ಸೂತ್ರ ಒಂದಿದೆ, ಕನಿಷ್ಠ ಮೂರು ಹಲ್ಲು ಲೋಹದ ಮೇಲೆ ಇರಬೇಕು. ಇಲ್ಲವಾದರೆ ಹಲ್ಲು ಸಿಕ್ಕಿಕೊಂಡು ಮುರಿಯುತ್ತದೆ. ಇಂಚಿಗೆ 32 ಹಲ್ಲಿನ ಬ್ಲೇಡಿನಲ್ಲಿ ಹಲ್ಲಿಂದ ಹಲ್ಲಿಗೆ 0.8 ಮಿಲಿಮೀಟರ್. ನಮ್ಮ ಪೈಪಿಗೆ ಎರಡೇ ಹಲ್ಲು ಕೂರುತ್ತದೆ, ಸ್ವಲ್ಪ ಓರೆ ಹಿಡಿದರೆ ಮೂರನೆಯದ್ದು. ಮೊದಲ ವರ್ಷದ ವರ್ಕ್‌ಶಾಪ್ ಲ್ಯಾಬಿನಲ್ಲಿ ಇದನ್ನು ಕೇಳಿದ್ದೆ, ಅರ್ಥವಾದದ್ದು ಈಗ :-) ಹತ್ತು ತುಂಡಾದರೆ ಅದೇ ಸಾಕು. 60ಕ್ಕೆ ತೋಳು ಬಿದ್ದುಹೋಗುತ್ತದೆ.

ಕೊನೆಗೆ ಅಳತೆ ಬರೆದುಕೊಂಡು ಪೇಟೆಯ ವೆಲ್ಡಿಂಗ್ ಅಂಗಡಿಗೆ ಪೈಪು ಒಯ್ದೆವು. 14 ಇಂಚಿನ ಕಟ್ ಆಫ್ ಮೆಷೀನು, ನೆಲಕ್ಕೆ ಕೂರಿಸಿದ್ದು, ಗಾರ್ಡ್ ಇದ್ದದ್ದು, ಪೈಪನ್ನು ಬಿಗಿದು ಹಿಡಿಯುವಂಥದ್ದು. ಅಲ್ಲಿ ಹುಲ್ಲು, ಒಣ ಸೋಗೆ ಇಲ್ಲ, ಕಿಡಿ ಹಾರಿದರೂ ನಮ್ಮ ಕೊಟ್ಟಿಗೆಯ ಹಾಗೆ ಹೆದರಬೇಕಾಗಿಲ್ಲ. ಒಂದು ತಾಸಿನಲ್ಲಿ ಮುಗಿಯಿತು.

ಮನೆಗೆ ಬಂದು ನೋಡಿದರೆ ನಾಲ್ಕು ತುಂಡು ಒಂದೊಂದು ಇಂಚು ಉದ್ದ. ಅಳತೆ ಬರೆದವನು ನಾನೇ ತಾನೆ! ಅಜ್ಜನ ಫ್ರೇಮಿಗೆ ಹೊಸ ಬ್ಲೇಡ್ ಹಾಕಿ ಜಗಲಿಯಲ್ಲಿ ಕುಳಿತೆ. ಚಿಕ್ಕಪ್ಪ ಬಂದು ಪೈಪಿನ ಆ ತುದಿ ಹಿಡಿದುಕೊಂಡರು, ಎಡಗೈಯಲ್ಲಿ. "ಗಡಿಬಿಡಿ ಮಾಡಡ ತಮಾ, ನಿಧಾನಕ್ಕೆ ಎಳಿ" ಅಂದರು. ನಾಲ್ಕು ತುಂಡಿಗೆ ಮುಕ್ಕಾಲು ತಾಸು ಹಿಡಿಯಿತು.

ಅಟ್ಟ ಈಗ ಅಂಗಳದಲ್ಲಿ ನಿಂತಿದೆ. ನಿಮ್ಮ ಮನೆಯಲ್ಲಿ ಗಾರ್ಡ್ ಬಿಚ್ಚಿದ ಗ್ರೈಂಡರ್ ಇದ್ದರೆ ಇವತ್ತೇ ವಾಪಸ್ ಹಾಕಿ. ಕಳೆದುಹೋಗಿದ್ದರೆ ಹೊಸದು ತನ್ನಿ, ಬಹಳ ದುಡ್ಡೇನಲ್ಲ.