ನ್ಯಾಟ್ ದಾಟುವ ತಂತ್ರಗಳ ಇತಿಹಾಸ

ಯಾವ ಯಂತ್ರವಾದರೂ ಬೇರೊಂದನ್ನು ಮಧ್ಯಸ್ಥರಿಲ್ಲದೆ ಸಂಪರ್ಕಿಸಬಲ್ಲದೆಂಬುದು ಅಂತರಜಾಲದ ಮೂಲಕಲ್ಪನೆಯಾಗಿದ್ದಿತು. ಆದರೆ 32 ಬಿಟ್‌ಗಳ ಐಪಿವಿ4 ವಿಳಾಸಗಳು ಸುಮಾರು 429 ಕೋಟಿಯಷ್ಟೇ ಆದುದರಿಂದ ಅವು ಬರಿದಾಗುವ ಭೀತಿ ತಲೆದೋರಲು, ಎಗೆವಾಂಗ್ ಮತ್ತು ಪಾಲ್ ಫ್ರಾನ್ಸಿಸ್ ಎಂಬವರು 1994ರಲ್ಲಿ ನ್ಯಾಟ್ ಎಂಬ ವಿಳಾಸ ಪರಿವರ್ತನ ಕ್ರಮವನ್ನು ಅಲ್ಪಕಾಲದ ಪರಿಹಾರವೆಂದೇ ಮುಂದಿಟ್ಟರು. ಅಲ್ಪಕಾಲದ ಏರ್ಪಾಡುಗಳೇ ದೀರ್ಘಾಯುಗಳಾಗುವುದು ತಂತ್ರಶಾಸ್ತ್ರದಲ್ಲಿ ಅಪರೂಪವೇನಲ್ಲ. ಪೋರ್ಟ್ ಸಂಖ್ಯೆಗಳ ಪರಿವರ್ತನೆಯೂ ಕೂಡಿಕೊಂಡ ಮೇಲೆ, ಮನೆಯ ಸಾಧನಗಳೆಲ್ಲವೂ ಒಂದೇ ಸಾರ್ವಜನಿಕ ವಿಳಾಸದ ಮರೆಯಲ್ಲಿ ನೆಲೆಸಿದುವು.

ತೊಡಕು ಹುಟ್ಟಿದುದು ಇಲ್ಲಿಯೇ. ಒಳಗಿನಿಂದ ಹೊರಟ ಪ್ಯಾಕೆಟ್ಟುಗಳ ಗುರುತನ್ನು ಮಾತ್ರ ನ್ಯಾಟ್ ನಡೆಸುವ ರೌಟರು ತನ್ನ ಪಟ್ಟಿಯಲ್ಲಿಟ್ಟು, ಕರೆಯದೆ ಬಂದುದನ್ನು ಕಟ್ಟುನಿಟ್ಟಿನ ದ್ವಾರಪಾಲಕನಂತೆ ತಡೆಯುವುದರಿಂದ, ಸಂಪರ್ಕ ಬಯಸುವ ಇಬ್ಬರೂ ಇಂತಹ ರೌಟರುಗಳ ಹಿಂದಿರುವಾಗ ಮೊದಲ ಮಾತನ್ನು ಯಾರೂ ಆಡಲಾರರು. ಇಬ್ಬರಿಗೂ ಪರಿಚಿತವಾದ ಸರ್ವರೊಂದರಿಂದ ಪರಸ್ಪರರ ಬಾಹ್ಯ ವಿಳಾಸವನ್ನೂ ಪೋರ್ಟನ್ನೂ ಅರಿತು, ಉಭಯರೂ ಏಕಕಾಲದಲ್ಲಿ ಯುಡಿಪಿ ಪ್ಯಾಕೆಟ್ಟುಗಳನ್ನು ಕಳುಹಿದರೆ, ಬಂದುದನ್ನು ಪ್ರತ್ಯುತ್ತರವೆಂದೇ ಬಗೆದು ಎರಡು ರೌಟರುಗಳೂ ಒಳಬಿಡುವುವು. ರಂಧ್ರ ಕೊರೆಯುವಿಕೆ ಎನಿಸಿದ ಈ ಚಾತುರ್ಯವನ್ನು ಬ್ರಯನ್ ಫೋರ್ಡ್, ಶ್ರೀಸುರೇಶ್, ಕೆಗೆಲ್ ಎಂಬ ಮೂವರು 2005ರಲ್ಲಿ ಪರಿಶೀಲಿಸಿದಾಗ, ಪರೀಕ್ಷೆಗೊಳಗಾದ ನ್ಯಾಟ್‌ಗಳಲ್ಲಿ ಸುಮಾರು ಶೇಕಡಾ 82ರಷ್ಟು ಯುಡಿಪಿಗೂ ಶೇಕಡಾ 64ರಷ್ಟು ಟಿಸಿಪಿಗೂ ಎಡೆಗೊಟ್ಟವು.

ಉಳಿದವುಗಳ ಪೈಕಿ ಅತ್ಯಂತ ಹಟಮಾರಿಯಾದುದು, ಗಮ್ಯ ಬದಲಾದೊಡನೆ ಹೊಸ ಪೋರ್ಟನ್ನು ನೀಡುವ ಸಮಮಿತ ನ್ಯಾಟ್. ಸರ್ವರು ಕಂಡ ಸಂಖ್ಯೆ ಅಲ್ಲಿ ಎದುರಿನವನಿಗೆ ನಿರುಪಯುಕ್ತ. ಸರ್ವರಿನಿಂದ ತನ್ನ ಬಾಹ್ಯ ವಿಳಾಸವನ್ನು ಅರಿಯುವ ಕ್ರಮವಾದ ಸ್ಟನ್‌ನ 2003ರ ನಿಯಮಾವಳಿ ನ್ಯಾಟ್‌ಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿತು. ಒಂದೇ ರೌಟರು ಈಗ ಒಂದು ಬಗೆಯಾಗಿ, ಇನ್ನೊಮ್ಮೆ ಮತ್ತೊಂದು ಬಗೆಯಾಗಿ ವರ್ತಿಸುವುದು ಕಂಡುಬಂದುದರಿಂದ 2008ರ ಪರಿಷ್ಕರಣ ಆ ವಿಂಗಡಣೆಯನ್ನೇ ಕೈಬಿಟ್ಟಿತು. ಈ ನಿರಾಕರಣೆಯೇ ವಿಂಗಡಣೆಗಿಂತ ಮೇಲಾದ ಜ್ಞಾನವೆನ್ನಬೇಕು. ಏಕೆಂದರೆ 2010ರಲ್ಲಿ ರೂಪುಗೊಂಡ ಐಸ್ ಪದ್ಧತಿ ರೌಟರಿನ ಸ್ವಭಾವವನ್ನು ಊಹಿಸುವ ಗೋಜಿಗೆ ಹೋಗದೆ, ಸಾಧ್ಯವಿರುವ ವಿಳಾಸಜೋಡಿಗಳನ್ನೆಲ್ಲ ಪರೀಕ್ಷಿಸಿ, ಯಾವುದೂ ಫಲಿಸದಾಗ ಟರ್ನ್ ಎಂಬ ನಡುವಣ ಸರ್ವರಿನ ಮೂಲಕ ದತ್ತಾಂಶವನ್ನು ಸಾಗಿಸುತ್ತದೆ. ಅದರಲ್ಲಿ ವಿಳಂಬವೂ ವೆಚ್ಚವೂ ಉಂಟು.

2011ರ ಫೆಬ್ರವರಿಯಲ್ಲಿ ಜಾಗತಿಕ ಭಂಡಾರದ ಮುಕ್ತ ವಿಳಾಸಗಳು ಹಂಚಿ ಮುಗಿದ ತರುವಾಯ, ಸೇವಾಸಂಸ್ಥೆಗಳೂ ತಮ್ಮಲ್ಲಿ ಮತ್ತೊಂದು ನ್ಯಾಟನ್ನು ಸ್ಥಾಪಿಸತೊಡಗಿದುದರಿಂದ, ಗೃಹಸ್ಥನು ತನ್ನ ರೌಟರಿನಲ್ಲಿ ಪೋರ್ಟ್ ತೆರೆದರೂ ಫಲವಿಲ್ಲದಾಯಿತು. 128 ಬಿಟ್‌ಗಳ ಐಪಿವಿ6 ವಿಳಾಸದ ಅಭಾವವನ್ನು ನೀಗಿತಾದರೂ, ಮನೆಯ ಫೈರ್‌ವಾಲ್ ಕರೆಯದ ಪ್ಯಾಕೆಟ್ಟುಗಳನ್ನು ಅಲ್ಲಿಯೂ ಸಾಮಾನ್ಯವಾಗಿ ತಡೆಯುವುದರಿಂದ, ಉಭಯರೂ ಏಕಕಾಲದಲ್ಲಿ ಕಳುಹಬೇಕಾದ ಹಳೆಯ ಕ್ರಮ ಇಂದಿಗೂ ಬಳಕೆಯಲ್ಲಿದೆ.